ಬೆಲ್ಟು ಹಾಕದ ಹೆಲ್ಮೆಟ್ಟು, ಬೆಲ್ಟು ಹಾಕದ ಕಾಯಿದೆ

ನಮ್ಮ ಹಾಸನದ ಬಿ.ಎಂ. ರಸ್ತೆಯಲ್ಲಿ ಸಂಜೆ ಆರರ ಹೊತ್ತಿಗೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಸರ್ಕಲ್ಲಿನಲ್ಲಿ ಪೊಲೀಸಿನವರು ನಿಂತಿದ್ದಾರೆ ಅನ್ನುವ ಸುದ್ದಿ ಅರ್ಧ ಫರ್ಲಾಂಗು ಈಚೆಗೇ ಬಂದುಬಿಟ್ಟಿರುತ್ತದೆ. ಎದುರಿನಿಂದ ಬರುವ ಪುಣ್ಯಾತ್ಮ ತನ್ನ ತಲೆ ಮೇಲೆ ತಾನೇ ಎರಡು ಸಲ ತಟ್ಟಿಕೊಂಡು ಸನ್ನೆ ಮಾಡುತ್ತಾನೆ. ತಕ್ಷಣ ಪೆಟ್ರೋಲ್ ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ಟು ತಲೆಗೆ ಏರುತ್ತದೆ. ಸರ್ಕಲ್ ದಾಟಿದ್ದೇ ತಡ, ಮತ್ತೆ ಟ್ಯಾಂಕಿಗೆ, ಇಲ್ಲವೇ ಮೊಣಕೈಗೆ ಇಳಿಯುತ್ತದೆ. ತಲೆಗಿಂತ ಮೊಣಕೈಯನ್ನು ಜೋಪಾನವಾಗಿ ಕಾಪಾಡಿಕೊಳ್ಳುವ ಊರು ನಮ್ಮದು.

ಇದನ್ನು ನೋಡಿ ನಗುತ್ತಿದ್ದವರಲ್ಲಿ ನಾನೂ ಒಬ್ಬ. ಹೋದ ವರ್ಷದ ಮಾಘ ಮಾಸದವರೆಗೆ ನಗುತ್ತಿದ್ದೆ.

ಅವತ್ತು ನನ್ನ ಅಕ್ಕ ಮತ್ತು ಭಾವ ಅರಸೀಕೆರೆ ಕಡೆ ನೆಂಟರ ಗೃಹಪ್ರವೇಶ ಮುಗಿಸಿಕೊಂಡು ಬೈಕಿನಲ್ಲಿ ವಾಪಸ್ಸು ಬರುತ್ತಿದ್ದರು. ಭಾವ ಓಡಿಸುತ್ತಿದ್ದರು, ಅಕ್ಕ ಹಿಂದೆ ಕೂತಿದ್ದಳು. ತೊಡೆ ಮೇಲೆ ತಾಂಬೂಲದ ಚೀಲ. ಒಂದು ಹಳ್ಳಿಯ ಬಾಗಿಲಲ್ಲಿ ಬಣ್ಣ ಬಳಿಯದ, ಬೋರ್ಡಿಲ್ಲದ ಒಂದು ಹಂಪು. ಕತ್ತಲಲ್ಲಿ ಅದು ಕಾಣಲಿಲ್ಲ, ಗಾಡಿ ಹಾರಿತು. ಭಾವ ಹ್ಯಾಂಡಲ್ ಹಿಡಿದಿದ್ದರು, ಉಳಿದುಕೊಂಡರು. ಅಕ್ಕನಿಗೆ ಹಿಡಿದುಕೊಳ್ಳಲು ಇದ್ದದ್ದು ಆ ಚೀಲ ಒಂದೇ.

ಹೆಲ್ಮೆಟ್ಟು ಇರಲಿಲ್ಲವೇ ಅಂತ ಕೇಳುತ್ತೀರಿ. ಇತ್ತು ಸ್ವಾಮಿ. ರಸ್ತೆ ಪಕ್ಕದಲ್ಲಿ ಹಗ್ಗಕ್ಕೆ ಕಟ್ಟಿ ನೇತು ಹಾಕಿ ಮಾರುತ್ತಾರಲ್ಲ, ಆ ನೂರೈವತ್ತು ರೂಪಾಯಿಯದು. ಕಿವಿಯೂ ಮುಚ್ಚದ ಅರ್ಧ ಬುರುಡೆ. ಜಡೆಗೆ ಮಲ್ಲಿಗೆ ಮುಡಿದಿದ್ದರಿಂದ ಬೆಲ್ಟು ಹಾಕಿರಲಿಲ್ಲ. ಅಕ್ಕ ನೆಲಕ್ಕೆ ಬೀಳುವ ಮೊದಲೇ ಹೆಲ್ಮೆಟ್ಟು ಬಿದ್ದಿತ್ತು. ಅವಳನ್ನು ಎತ್ತಿ ಆಟೋಗೆ ಹಾಕಿದವರು ಅದನ್ನೂ ತಂದುಕೊಟ್ಟರು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಅಕ್ಕ ಬದುಕಿದ್ದಾಳೆ, ದೇವರು ದೊಡ್ಡವನು. ಆದರೆ ಒಲೆ ಮೇಲೆ ಹಾಲಿಟ್ಟದ್ದು ಅವಳಿಗೆ ನೆನಪಿರುವುದಿಲ್ಲ. ಒಂದೊಂದು ದಿನ ನಾನು ಬಾಗಿಲು ದಾಟಿ ಒಳಗೆ ಹೋದರೆ ‘ಅಪ್ಪಾ, ಯಾವಾಗ ಬಂದೆ?’ ಅನ್ನುತ್ತಾಳೆ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು.

ನಿಮ್ಮ ಮರುಕ ಗಿಟ್ಟಿಸಲು ಇದನ್ನು ಬರೆಯುತ್ತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಒಂದು ಪ್ರಶ್ನೆ ತಲೆ ಹೊಕ್ಕಿತು. ಹಿಂದಿನ ಸೀಟಿನಲ್ಲಿ ಕೂತ ಅಕ್ಕನ ತಲೆಯ ಬಗ್ಗೆ ಕಾಯಿದೆ ಏನು ಹೇಳುತ್ತದೆ? ಆ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟವನಿಗೆ ಸಿಕ್ಕಿದ್ದು ಈ ವರದಿ.

ಓದಿದರೆ ಎಲ್ಲಾ ಇದೆ!

ನಾನು ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟು ಪತ್ರಿಕೆಗೆ ಬಂದವನು. ಕಾನೂನು ಪುಸ್ತಕ ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಪರಿಚಯದ ವಕೀಲರೊಬ್ಬರು 1988ರ ಮೋಟಾರು ವಾಹನ ಕಾಯಿದೆಯ ಪ್ರತಿ ಕೊಟ್ಟು, ‘129ನೇ ಕಲಂ ಓದಪ್ಪ. ಪೇಪರ್ ಓದೋ ಹಾಗೆ ಓದಬೇಡ, ಸಾಲದ ಪತ್ರ ಓದೋ ಹಾಗೆ ಓದು’ ಅಂದರು.

ಹಾಗೇ ಓದಿದೆ. 2019ರಲ್ಲಿ ತಿದ್ದುಪಡಿಯಾದ ಈ ಕಲಮಿನ ಪ್ರಕಾರ, ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರೂ ಸಾರ್ವಜನಿಕ ಜಾಗದಲ್ಲಿ ನಿಗದಿಯಾದ ಗುಣಮಟ್ಟದ ಹೆಲ್ಮೆಟ್ಟು ಹಾಕತಕ್ಕದ್ದು. ಗಾಡಿ ಓಡಿಸುವವರಿಗೂ ಸರಿ, ಹಿಂದೆ ಕೂತವರಿಗೂ ಸರಿ. ಪೇಟ ಸುತ್ತಿದ ಸಿಖ್ಖರಿಗೆ ಮಾತ್ರ ವಿನಾಯಿತಿ.

ಅದರ ಕೆಳಗೆ ಒಂದು ವಿವರಣೆ ಇದೆ. ನನ್ನ ಎದೆ ಧಸಕ್ಕೆಂದದ್ದು ಅಲ್ಲಿ. ಯಾವುದನ್ನು ಹೆಲ್ಮೆಟ್ಟು ಅನ್ನಬೇಕು ಅಂತ ಅದು ಹೇಳುತ್ತದೆ. ಒಂದು, ಅದರ ಆಕಾರ, ಅದಕ್ಕೆ ಬಳಸಿದ ವಸ್ತು ಮತ್ತು ಮಾಡಿದ ರೀತಿ ನೋಡಿದರೆ ಅಪಘಾತದಲ್ಲಿ ತಲೆಯನ್ನು ಕಾಯಬಹುದು ಅನ್ನಿಸುವಂತಿರಬೇಕು. ಎರಡು, ಅದಕ್ಕೆ ಕೊಟ್ಟಿರುವ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು. ಈ ವಿವರಣೆ ಹೊಸದೇನಲ್ಲ, 1988ರಿಂದಲೂ ಇದೆ.

ಅಂದರೆ ಕಾಯಿದೆಯ ಲೆಕ್ಕದಲ್ಲಿ ಅವತ್ತು ನಮ್ಮ ಅಕ್ಕನ ತಲೆ ಮೇಲೆ ಹೆಲ್ಮೆಟ್ಟೇ ಇರಲಿಲ್ಲ. ಇದ್ದದ್ದು ಒಂದು ಟೋಪಿ.

ಇನ್ನು ದಂಡಕ್ಕೆ ಬನ್ನಿ. ಅದು 194ಡಿ ಕಲಂ. ಸಾವಿರ ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ. ಸಾವಿರ ಜಾಸ್ತಿಯಾಯಿತು ಅಂತ ಜನ ಕೂಗಿದ ಮೇಲೆ 2019ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಸ್ಥಳದಲ್ಲೇ ಕಟ್ಟುವ ದಂಡವನ್ನು ಐನೂರಕ್ಕೆ ಇಳಿಸಿತು. ಅದಿರಲಿ, ದಂಡ ಯಾರಿಗೆ? ಓಡಿಸುವವನಿಗೆ ಅಥವಾ ಹಾಗೆ ಓಡಿಸಲು ಬಿಟ್ಟವನಿಗೆ. ಹಿಂದೆ ಕೂತವರ ಹೆಸರಿಗೆ ಚೀಟಿ ಹರಿಯುವುದಿಲ್ಲ. ದಂಡ ಭಾವನಿಗೆ, ಪೆಟ್ಟು ಅಕ್ಕನಿಗೆ.

ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಗಾಡಿಯಲ್ಲಿ ಕೂರಿಸಿಕೊಂಡವನು ಜವಾಬ್ದಾರಿ ಹೊರಬೇಕು ಅನ್ನುವುದರಲ್ಲಿ ನ್ಯಾಯವಿದೆ. ಆದರೆ ಈ ಸಾಲು ಹೀಗಿದೆ ಅಂತ ನಮ್ಮಲ್ಲಿ ಎಷ್ಟು ಜನ ಗಂಡಂದಿರಿಗೆ, ಅಣ್ಣತಮ್ಮಂದಿರಿಗೆ ಗೊತ್ತು?

ಕಿರ್ದಿ ಖಾತೆಯ ವಿದ್ಯೆ

ಕಾಯಿದೆಯನ್ನು ಹೀಗೆ ಸಾಲು ಸಾಲಾಗಿ ಬಿಡಿಸಿ ಓದುವುದೇ ಈಗ ಒಂದು ದೊಡ್ಡ ಶಾಸ್ತ್ರವಾಗಿದೆ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಫಿಲಡೆಲ್ಫಿಯಾ ಪಟ್ಟಣದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಕೇಂದ್ರವಿದೆ. ಅದನ್ನು ಕಟ್ಟಿದವರು ಸ್ಕಾಟ್ ಬರಿಸ್ ಎಂಬ ಕಾನೂನು ಪ್ರಾಧ್ಯಾಪಕರು. ಶಾಸ್ತ್ರದ ಹೆಸರು ‘ಲೀಗಲ್ ಎಪಿಡೆಮಿಯಾಲಜಿ’. ಹೆಸರು ಕೇಳಿ ಹೆದರಬೇಡಿ. ಊರಿಗೆ ಕಾಲರಾ ಬಂದರೆ ಆರೋಗ್ಯ ಇಲಾಖೆಯವರು ಯಾರು ಯಾವ ಬಾವಿಯ ನೀರು ಕುಡಿದರು ಅಂತ ಹುಡುಕುತ್ತಾರಲ್ಲ, ಹಾಗೆಯೇ ಇದು. ಇಲ್ಲಿ ಬಾವಿಯ ಬದಲು ಕಾಯಿದೆ. ಯಾವ ಕಾಯಿದೆಯ ಯಾವ ಸಾಲು ಜನರನ್ನು ಉಳಿಸಿತು, ಯಾವ ಸಾಲಿನ ತೂತಿನಲ್ಲಿ ಜನ ಸತ್ತರು ಅಂತ ಹುಡುಕುವುದು.

ಕೆಲಸ ಮಾಡುವ ರೀತಿ ನಮ್ಮ ಅಂಗಡಿ ಸಾಹುಕಾರರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲು ಪ್ರಶ್ನೆಗಳ ಪಟ್ಟಿ ಮಾಡುತ್ತಾರೆ. ಕಾಯಿದೆ ಹಿಂದೆ ಕೂತವರಿಗೂ ಅನ್ವಯವೇ? ಎಲ್ಲಾ ರಸ್ತೆಗೂ ಅನ್ವಯವೇ? ಸಣ್ಣ ಗಾಡಿಗೂ ಅನ್ವಯವೇ? ಬೆಲ್ಟು ಹಾಕಬೇಕು ಅಂತ ಬರೆದಿದೆಯೇ? ಗುಣಮಟ್ಟ ಹೇಳಿದೆಯೇ? ದಂಡ ಎಷ್ಟು, ಯಾರಿಗೆ? ಯಾವ ತಾರೀಖಿನಿಂದ ಜಾರಿ? ಪ್ರತಿ ರಾಜ್ಯದ, ಪ್ರತಿ ದೇಶದ ಕಾಯಿದೆ ಓದಿ ಈ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಅಂತ ತುಂಬುತ್ತಾ ಹೋಗುತ್ತಾರೆ. ಒಬ್ಬರೇ ಓದಿದರೆ ತಪ್ಪಬಹುದು ಅಂತ ಇಬ್ಬರು ಬೇರೆ ಬೇರೆ ಕೂತು ಓದುತ್ತಾರೆ. ಇಬ್ಬರ ಉತ್ತರ ತಾಳೆಯಾಗದಿದ್ದರೆ ಮತ್ತೆ ಕೂತು ಬಗೆಹರಿಸುತ್ತಾರೆ. ಸಂಜೆ ಕ್ಯಾಷ್ ಬಾಕ್ಸನ್ನು ಮಾಲೀಕ ಒಮ್ಮೆ, ಗುಮಾಸ್ತ ಒಮ್ಮೆ ಎಣಿಸುವ ಹಾಗೆ.

ಇದು ಒಂದು ಪುಸ್ತಕವಾಯಿತು. ಇನ್ನೊಂದು ಪುಸ್ತಕ ಆಸ್ಪತ್ರೆ ಮತ್ತು ಪೊಲೀಸ್ ಠಾಣೆಗಳದು. ಎಷ್ಟು ಜನ ಬಿದ್ದರು, ಎಷ್ಟು ಜನಕ್ಕೆ ತಲೆಗೆ ಏಟಾಯಿತು, ಎಷ್ಟು ಜನ ಸತ್ತರು ಅನ್ನುವ ಲೆಕ್ಕ. ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಿದರೆ ಕಾಯಿದೆಯ ಬಂಡವಾಳ ಬಯಲಾಗುತ್ತದೆ.

ಅಮೆರಿಕದವರು ತೆತ್ತ ಬೆಲೆ

ತಾಳೆ ನೋಡಲು ಅಮೆರಿಕದಲ್ಲಿ ಒಳ್ಳೆಯ ಅವಕಾಶ ಸಿಕ್ಕಿತು, ಅದೂ ಅಲ್ಲಿನ ರಾಜಕಾರಣಿಗಳ ಕೃಪೆಯಿಂದ. ಹೆಲ್ಮೆಟ್ ಕಾಯಿದೆ ಮಾಡದ ರಾಜ್ಯಗಳಿಗೆ ರಸ್ತೆ ಅನುದಾನ ಕಡಿತ ಅಂತ ಕೇಂದ್ರ ಸರ್ಕಾರ 1966ರಲ್ಲಿ ಕಾಯಿದೆ ತಂದಿತು. 1975ರ ಹೊತ್ತಿಗೆ ಐವತ್ತರಲ್ಲಿ 47 ರಾಜ್ಯಗಳು ಎಲ್ಲಾ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದವು. ಮೋಟಾರ್ ಸೈಕಲ್ ಸಂಘದವರು ಗಲಾಟೆ ಮಾಡಿದರು. 1976ರಲ್ಲಿ ಕೇಂದ್ರ ಆ ಕಡಿತದ ಬೆದರಿಕೆ ಕೈಬಿಟ್ಟಿತು. ಒಂದರ ಹಿಂದೆ ಒಂದು ರಾಜ್ಯ ಕಾಯಿದೆಯನ್ನು ರದ್ದು ಮಾಡಿತು, ಇಲ್ಲವೇ ಚಿಕ್ಕ ವಯಸ್ಸಿನವರಿಗೆ ಮಾತ್ರ ಅಂತ ಕತ್ತರಿ ಹಾಕಿತು.

ಹೀಗಾಗಿ ಒಂದೇ ದೇಶ, ಒಂದೇ ಥರದ ಗಾಡಿ, ಆದರೆ ಗಡಿ ದಾಟಿದರೆ ಕಾಯಿದೆ ಬೇರೆ ಅನ್ನುವಂತಾಯಿತು. ಲೆಕ್ಕ ಹಾಕುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಕ್ಯಾಲಿಫೋರ್ನಿಯಾ ರಾಜ್ಯವನ್ನೇ ನೋಡಿ. 1992ರ ಜನವರಿ 1ರಂದು ಅಲ್ಲಿ ಎಲ್ಲಾ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಹಿಂದಿನ ವರ್ಷ, ಅಂದರೆ 1991ರಲ್ಲಿ, ಮೋಟಾರ್ ಸೈಕಲ್ ಅಪಘಾತದಲ್ಲಿ ಸತ್ತವರು 523 ಜನ. 1992ರಲ್ಲಿ 327. ಒಂದೇ ವರ್ಷದಲ್ಲಿ 196 ಕಡಿಮೆ. ಗಾಡಿಗಳ ಸಂಖ್ಯೆಗೆ ತಾಳೆ ಹಾಕಿ ನೋಡಿದರೂ ಸಾವಿನ ಪ್ರಮಾಣ ಇಳಿದಿತ್ತು. ಜನರ ಬುದ್ಧಿ ಒಂದೇ ವರ್ಷದಲ್ಲಿ ಬದಲಾಗಲಿಲ್ಲ, ಬದಲಾದದ್ದು ಕಾಯಿದೆಯ ಒಂದು ಸಾಲು.

ಫ್ಲೋರಿಡಾ ರಾಜ್ಯ ತಿರುಗುಮುರುಗು ಮಾಡಿತು. 2000ದಲ್ಲಿ, 21 ವರ್ಷ ದಾಟಿ ವೈದ್ಯಕೀಯ ವಿಮೆ ಮಾಡಿಸಿದವರಿಗೆ ಹೆಲ್ಮೆಟ್ ಬೇಡ ಅಂದಿತು. ಹುಡುಗರಿಗೆ ಕಾಯಿದೆ ಇನ್ನೂ ಇದೆಯಲ್ಲ, ಅವರಾದರೂ ಉಳಿದಾರು ಅಂದುಕೊಂಡರು. ಆದದ್ದೇ ಬೇರೆ. ಓಡುವ ಗಾಡಿಯ ಮೇಲಿರುವವನಿಗೆ ಇಪ್ಪತ್ತೋ ಇಪ್ಪತ್ತೆರಡೋ ಅಂತ ಪೊಲೀಸಿನವನಿಗೆ ಹೇಗೆ ಗೊತ್ತಾಗಬೇಕು? ಹುಡುಗರೂ ಬರಿತಲೆಯಲ್ಲಿ ಹೊರಟರು, ಹೆಲ್ಮೆಟ್ಟಿಲ್ಲದೆ ಸತ್ತ ಹುಡುಗರ ಸಂಖ್ಯೆಯೂ ಏರಿತು. ಕಾಯಿದೆಯಲ್ಲಿ ಯಾರಿಗೋ ಒಂದು ಕಿಟಕಿ ತೆರೆದರೆ ಆ ಕಿಟಕಿಯಲ್ಲಿ ಎಲ್ಲರೂ ನುಗ್ಗುತ್ತಾರೆ.

ವಿಯೆಟ್ನಾಂನ ಮಕ್ಕಳು

ಅಮೆರಿಕದ ಕಥೆ ನಮಗೆ ದೂರವಾಯಿತು ಅಂದರೆ ವಿಯೆಟ್ನಾಂಗೆ ಬನ್ನಿ. ಅದು ನಮ್ಮ ಹಾಗೆಯೇ ಬಡತನ ಕಂಡು ಬೈಕು ಹತ್ತಿದ ದೇಶ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮೇಲೊಂದು ಅಕ್ಕಿ ಮೂಟೆ, ಎಲ್ಲಾ ಒಂದೇ ಗಾಡಿಯ ಮೇಲೆ. ಅಲ್ಲಿ ಮೊದಲೂ ಹೆಲ್ಮೆಟ್ ನಿಯಮ ಇತ್ತು, ಆದರೆ ಕೆಲವು ರಸ್ತೆಗಳಿಗೆ ಮಾತ್ರ. ಹಾಕುವವರು ಕಡಿಮೆ. 2007ರ ಡಿಸೆಂಬರ್ 15ರಿಂದ ಎಲ್ಲಾ ರಸ್ತೆಯಲ್ಲೂ, ಮುಂದೆ ಹಿಂದೆ ಕೂತ ಎಲ್ಲರಿಗೂ ಕಡ್ಡಾಯ ಮಾಡಿದರು, ದಂಡವನ್ನೂ ಏರಿಸಿದರು. ರಾತ್ರಿ ಬೆಳಗಾಗುವುದರೊಳಗೆ ದೊಡ್ಡ ಪಟ್ಟಣಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ದೊಡ್ಡವರ ತಲೆಗೆ ಹೆಲ್ಮೆಟ್ಟು ಬಂತು. ಗಾಯಾಳುಗಳ ಆಸ್ಪತ್ರೆ ಲೆಕ್ಕ ತೆಗೆದು ಕಾಯಿದೆಗೆ ಮುಂಚಿನ ಮತ್ತು ನಂತರದ ತಿಂಗಳುಗಳನ್ನು ತಾಳೆ ನೋಡಿದರು. ತಲೆಗೆ ಏಟಾಗುವ ಸಂಭವ ಶೇಕಡಾ 16, ಸಾಯುವ ಸಂಭವ ಶೇಕಡಾ 18 ಇಳಿದಿತ್ತು.

ಆದರೆ ಎಲ್ಲೋ ಒಂದು ತೂತು ಉಳಿದಿತ್ತು. ಅಪ್ಪ ಅಮ್ಮನ ತಲೆಯಲ್ಲಿ ಹೆಲ್ಮೆಟ್ಟು, ನಡುವೆ ನಿಂತ ಮಗು ಬರಿತಲೆ! ಕಾರಣ ಹುಡುಕಿದರೆ ಕಾಯಿದೆಯಲ್ಲೇ ಸಿಕ್ಕಿತು. ಅಲ್ಲಿನ ಕಾನೂನಿನಲ್ಲಿ ಚಿಕ್ಕ ಮಕ್ಕಳಿಗೆ ದಂಡ ಹಾಕುವಂತಿಲ್ಲ. ಮಗುವನ್ನು ಕೂರಿಸಿಕೊಂಡ ದೊಡ್ಡವರಿಗೆ ದಂಡ ಹಾಕಬೇಕು ಅಂತ ಯಾರೂ ಬರೆದಿರಲಿಲ್ಲ. ಹೆಲ್ಮೆಟ್ಟು ಹಾಕಿದರೆ ಮಗುವಿನ ಕತ್ತಿಗೆ ಕೆಟ್ಟದ್ದು ಅನ್ನುವ ಗಾಳಿಮಾತು ಬೇರೆ. 2010ರಲ್ಲಿ ಆ ಸಾಲು ಸೇರಿಸಿದರು. ಆರು ವರ್ಷ ದಾಟಿದ ಮಗುವನ್ನು ಬರಿತಲೆಯಲ್ಲಿ ಕೂರಿಸಿಕೊಂಡರೆ ದಂಡ ದೊಡ್ಡವರಿಗೆ. ಬೆಲ್ಟು ಹಾಕದಿದ್ದರೂ ದಂಡ ಅಂತ ಪ್ರತ್ಯೇಕವಾಗಿ ಬರೆದರು.

ಗಮನಿಸಿ. ಅಲ್ಲಿನ ಅಧಿಕಾರಿಗಳು ‘ಜನ ಸರಿಯಿಲ್ಲ’ ಅಂತ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಲೆಕ್ಕ ನೋಡಿದರು, ತೂತು ಹುಡುಕಿದರು, ಮುಚ್ಚಿದರು.

ನಮ್ಮಲ್ಲೂ ಇಂಥ ಒಂದು ನಿಯಮ ಬಂದಿದೆ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ಟು, ಓಡಿಸುವವರ ಮೈಗೆ ಮಗುವನ್ನು ಬಿಗಿಯುವ ಪಟ್ಟಿ, ವೇಗ ಗಂಟೆಗೆ 40 ಕಿಲೋಮೀಟರಿನೊಳಗೆ. 2022ರ ಫೆಬ್ರವರಿಯಲ್ಲಿ ಪ್ರಕಟವಾಗಿ ಒಂದು ವರ್ಷದ ನಂತರ ಜಾರಿಗೆ ಬಂತು. ಇವತ್ತು ಸಂಜೆ ಶಾಲೆ ಬಿಡುವ ಹೊತ್ತಿಗೆ ಸಾಲಗಾಮೆ ರಸ್ತೆಯಲ್ಲಿ ನಿಂತು, ಟ್ಯಾಂಕಿನ ಮೇಲೆ ಕೂತ ಮಕ್ಕಳಲ್ಲಿ ಎಷ್ಟು ತಲೆಗೆ ಹೆಲ್ಮೆಟ್ಟಿದೆ ಅಂತ ಎಣಿಸಿ ನೋಡಿ. ನಾನು ನಿಂತ ಅರ್ಧ ಗಂಟೆಯಲ್ಲಿ ನನಗೆ ಒಂದೂ ಕಾಣಲಿಲ್ಲ.

ದೆಹಲಿಯ ಹೆಂಗಸರು, ನಮ್ಮ ಹಿಂದಿನ ಸೀಟು

ನಮ್ಮ ದೇಶದ ಕಿಟಕಿ ಇದ್ದದ್ದು 1988ರ ಕಾಯಿದೆಯ ಕೊನೆಯ ಒಂದು ಸಾಲಿನಲ್ಲಿ. ಸೂಕ್ತ ಕಂಡಂತೆ ವಿನಾಯಿತಿ ಕೊಡಲು ರಾಜ್ಯ ಸರ್ಕಾರಗಳಿಗೆ ಅಧಿಕಾರ ಉಂಟು ಅಂತ ಅದರಲ್ಲಿತ್ತು. ದೆಹಲಿ ಸರ್ಕಾರ ಇದನ್ನು ಹಿಡಿದು 1990ರ ದಶಕದ ಕೊನೆಯಲ್ಲಿ ಹೆಂಗಸರಿಗೆ ಹೆಲ್ಮೆಟ್ಟು ಇಷ್ಟವಿದ್ದರೆ ಹಾಕಿ ಅಂದಿತು. ಸಿಖ್ ಮಹಿಳೆಯರ ಧಾರ್ಮಿಕ ಭಾವನೆಯ ಪ್ರಶ್ನೆ ಎದ್ದಾಗ, ಯಾರು ಸಿಖ್ ಯಾರು ಅಲ್ಲ ಅಂತ ರಸ್ತೆಯಲ್ಲಿ ಕೇಳುವುದು ಹೇಗೆ ಅಂತ ಎಲ್ಲಾ ಹೆಂಗಸರಿಗೂ ಬಾಗಿಲು ತೆರೆದರು. 2014ರ ಆಗಸ್ಟಿನಲ್ಲಷ್ಟೇ ಅದು ಬದಲಾಯಿತು. ಸಿಖ್ ಮಹಿಳೆಯರನ್ನು ಬಿಟ್ಟು ಉಳಿದ ಹೆಂಗಸರಿಗೆಲ್ಲ ಕಡ್ಡಾಯವಾಯಿತು. ಅಷ್ಟು ವರ್ಷ ದೇಶದ ರಾಜಧಾನಿಯಲ್ಲಿ ಗಂಡಸಿನ ತಲೆಗೆ ಒಂದು ಕಾಯಿದೆ, ಹೆಂಗಸಿನ ತಲೆಗೆ ಇನ್ನೊಂದು.

ನಾವೇನು ದೊಡ್ಡ ಸಾಚಾಗಳಲ್ಲ. ಕರ್ನಾಟಕದಲ್ಲಿ ಹಿಂದೆ ಕೂತವರಿಗೆ ಹೆಲ್ಮೆಟ್ಟು ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅವತ್ತು ಎಷ್ಟು ನಗೆಚಾಟಿಕೆ, ಎಷ್ಟು ಗೊಣಗಾಟ ನಡೆಯಿತು ಅಂತ ನೆನಪಿದೆಯಾ? ‘ಸೀರೆ ಉಟ್ಟ ಹೆಂಗಸರು ಎರಡನೇ ಹೆಲ್ಮೆಟ್ಟನ್ನ ಎಲ್ಲಿಡಬೇಕು’ ಅಂತ ಈ ಊರಿನ ಹೋಟೆಲುಗಳಲ್ಲಿ ಮಾತಾಡಿದ್ದನ್ನು ನಾನೇ ಕೇಳಿದ್ದೇನೆ. ನಾನೂ ಆಡಿದ್ದೇನೆ.

ಈಗ ಲೆಕ್ಕ ನೋಡಿ. ಕೇಂದ್ರ ಸಾರಿಗೆ ಇಲಾಖೆಯ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ಟಿಲ್ಲದೆ ಸತ್ತವರು 50,029. ಈ ಐವತ್ತು ಸಾವಿರದಲ್ಲಿ 35,692 ಜನ ಓಡಿಸುತ್ತಿದ್ದವರು, 14,337 ಜನ ಹಿಂದೆ ಕೂತವರು. ನಮ್ಮ ರಾಜ್ಯದಲ್ಲಿ ಆ ವರ್ಷ ಎಲ್ಲಾ ಬಗೆಯ ರಸ್ತೆ ಅಪಘಾತ ಸೇರಿ 11 ಸಾವಿರಕ್ಕೂ ಮೀರಿ ಜನ ಸತ್ತರು.

ಹೆಲ್ಮೆಟ್ಟು ಹಾಕಿದ್ದರೆ ಎಲ್ಲರೂ ಉಳಿಯುತ್ತಿದ್ದರು ಅಂತಲ್ಲ. ಬೇರೆ ಬೇರೆ ದೇಶಗಳ 61 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಪರಿಶೀಲನೆ 2008ರಲ್ಲಿ ಪ್ರಕಟವಾಯಿತು. ಹೆಲ್ಮೆಟ್ಟು ಸಾವಿನ ಸಂಭವವನ್ನು ಶೇಕಡಾ 42, ತಲೆಗೆ ಏಟಾಗುವ ಸಂಭವವನ್ನು ಶೇಕಡಾ 69 ಇಳಿಸುತ್ತದೆ ಅಂತ ಅದು ಹೇಳಿತು. ನೂರರಲ್ಲಿ ನಲವತ್ತು ಲಾಭ ಅಂದರೆ ಯಾವ ವ್ಯಾಪಾರಿ ಬಿಟ್ಟಾನು?

ವಿಶ್ವ ಆರೋಗ್ಯ ಸಂಸ್ಥೆಯವರೂ ಎಲ್ಲಾ ದೇಶಗಳ ಕಾಯಿದೆ ಓದಿ ಇದೇ ರೀತಿ ತಾಳೆ ನೋಡುತ್ತಾರೆ. ಓಡಿಸುವವರು, ಹಿಂದೆ ಕೂತವರು, ಎಲ್ಲಾ ರಸ್ತೆ, ಎಲ್ಲಾ ಬಗೆಯ ಎಂಜಿನ್, ಬೆಲ್ಟು, ಗುಣಮಟ್ಟ ಎಲ್ಲವೂ ಬರೆದಿರುವ ಕಾಯಿದೆ 2018ರ ವರದಿಯ ಹೊತ್ತಿಗೆ ಪ್ರಪಂಚದ 49 ದೇಶಗಳಲ್ಲಿ ಮಾತ್ರ ಇತ್ತು. ಕಾಗದದ ಮೇಲೆ ನಮ್ಮ 129ನೇ ಕಲಂ ಈ ಎಲ್ಲಾ ಮಾತನ್ನೂ ಹೇಳುತ್ತದೆ. ಹಾಗಾದರೆ ಕೊರತೆ ಎಲ್ಲಿ? ಕಾಯಿದೆ ತಲೆ ಮೇಲಿದೆ, ಬೆಲ್ಟು ಹಾಕಿಲ್ಲ. ಮೊದಲ ಏಟಿಗೇ ಹಾರಿಹೋಗುತ್ತದೆ.

‘ಮೊದಲು ಹಂಪಿಗೆ ಬಣ್ಣ ಬಳೀರಿ’

ಈ ಲೆಕ್ಕವನ್ನೆಲ್ಲ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಒದರಿದೆ. ಬೀಡಾ ಕಟ್ಟುತ್ತಿದ್ದ ಹಿರಿಯರೊಬ್ಬರು ತಲೆ ಎತ್ತಿ ಕೇಳಿದರು, ‘ಎಲ್ಲಾ ಸರಿ ಕಣಪ್ಪ. ಗುಂಡಿ ಮುಚ್ಚಲ್ಲ, ಹಂಪಿಗೆ ಬಣ್ಣ ಇಲ್ಲ, ಲೈಟ್ ಇಲ್ಲ. ನಮ್ಮ ತಲೆಗೆ ಮಾತ್ರ ಕಾಯ್ದೆಯಾ? ಅವ್ರ ತಲೆಗೆ ಏನೂ ಇಲ್ವಾ?’

ನ್ಯಾಯವಾದ ಪ್ರಶ್ನೆ. ಅಕ್ಕ ಬಿದ್ದದ್ದೂ ಹಂಪಿನಿಂದಲೇ. ಮತ್ತೆ ಪುಸ್ತಕ ತೆಗೆದೆ. ಅವರ ತಲೆಗೂ ಇದೆ!

2019ರ ತಿದ್ದುಪಡಿಯಲ್ಲಿ 198ಎ ಅಂತ ಒಂದು ಹೊಸ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತ ಅಧಿಕಾರಿ ಅಥವಾ ಕಂಟ್ರಾಕ್ಟರು ನಿಗದಿಯಾದ ಸುರಕ್ಷತಾ ಮಟ್ಟ ಪಾಲಿಸದೆ, ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಹಂಪಿಗೂ ಒಂದು ಅಳತೆ ಉಂಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡನೆಯ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ಬಣ್ಣ ಇರಬೇಕು, ಮುಂಚೆಯೇ ಬೋರ್ಡು ಇರಬೇಕು. ಅಳತೆ ಹಿಡಿದುಕೊಂಡು ಹೋಗಿ ನೋಡಿ. ಊರಿನವರು ಒಂದು ಬುಟ್ಟಿ ಜಲ್ಲಿ ಸುರಿದು ತಾವೇ ಕಟ್ಟಿದ ಹಂಪುಗಳೂ ಸಿಗುತ್ತವೆ, ಸರ್ಕಾರಿ ಹಣದಲ್ಲಿ ಕಟ್ಟಿದ ಎಮ್ಮೆ ಬೆನ್ನುಗಳೂ ಸಿಗುತ್ತವೆ.

ಹೆಲ್ಮೆಟ್ಟಿಲ್ಲದ ತಲೆಗೆ ಐನೂರು ರೂಪಾಯಿ ಚೀಟಿ ದಿನಾ ಹರಿಯುತ್ತದೆ. 198ಎ ಚೀಟಿ ಯಾರಿಗಾದರೂ ಹರಿದದ್ದನ್ನು ಇಷ್ಟು ವರ್ಷದ ಈ ವೃತ್ತಿಯಲ್ಲಿ ನಾನು ಕಂಡಿಲ್ಲ.

ಅಂಗಡಿಯವರಿಗೆ ಎರಡು ಮಾತು

ವ್ಯಾಪಾರಿ ಮಿತ್ರರು ಬೇಜಾರು ಮಾಡಿಕೊಳ್ಳಬಾರದು. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟು ತಯಾರಿಸುವುದೂ ಮಾರುವುದೂ ಅಪರಾಧ. ಗುರುತಿನ ಜೊತೆ ಐ.ಎಸ್. 4151 ಅನ್ನುವ ಸಂಖ್ಯೆ ಇರಬೇಕು. ಗಿರಾಕಿ ಚೌಕಾಸಿ ಮಾಡಿ ‘ಪೊಲೀಸ್ರಿಗೆ ತೋರ್ಸೋಕೆ ಒಂದು ಕೊಡಿ ಸಾಕು’ ಅಂದರೂ ಕೊಡಬೇಡಿ. ಮತ್ತೊಂದು, ಹೊಸ ದ್ವಿಚಕ್ರ ವಾಹನ ಮಾರುವಾಗ ಗುಣಮಟ್ಟದ ಹೆಲ್ಮೆಟ್ಟು ಕೊಡತಕ್ಕದ್ದು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಗಾಡಿ ಕೊಳ್ಳುವವರು ಕೇಳಿ ಪಡೆಯಿರಿ.

ಬಸ್ಸಿನಲ್ಲಿ ಓಡಾಡುವ ಮಹಾಜನರು ನಮಗೂ ಇದಕ್ಕೂ ಏನು ಸಂಬಂಧ ಅನ್ನಬಹುದು. ಸ್ಟಾಪಿನಲ್ಲಿ ಇಳಿದ ಮೇಲೆ ಮನೆಯಿಂದ ಮಗ ಬೈಕು ತರುತ್ತಾನಲ್ಲ, ಆ ಒಂದು ಮೈಲಿ ನೀವೂ ಹಿಂದಿನ ಸೀಟಿನವರೇ. ‘ಇಲ್ಲೇ ತಾನೇ’ ಅನ್ನುವ ದಾರಿ ಅದು.

ನಮ್ಮ ಜಿಲ್ಲೆಯ ಖಾತೆ ಎಲ್ಲಿ?

ಕಡೆಯದಾಗಿ ಒಂದು ಕೇಳಿಕೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇದೆ. ಪೊಲೀಸರು ಅಪಘಾತದ ಜಾಗದಲ್ಲೇ ನಿಂತು ಮೊಬೈಲಿನಲ್ಲಿ ವಿವರ ತುಂಬುವ ‘ಐರಾಡ್’ ಅನ್ನುವ ವ್ಯವಸ್ಥೆಯೂ ಈಚಿನ ವರ್ಷಗಳಲ್ಲಿ ಬಂದಿದೆ. ಅಂದರೆ ಎರಡೂ ಪುಸ್ತಕ ಸರ್ಕಾರದ ಹತ್ತಿರವೇ ಇವೆ. ಅಕ್ಕಪಕ್ಕ ಇಟ್ಟು ತಾಳೆ ನೋಡುವುದು ಯಾರು?

ನಮಗೆ ಬೇಕಾದದ್ದು ನಾಲ್ಕು ಸಾಲಿನ ಲೆಕ್ಕ. ಈ ವರ್ಷ ನಮ್ಮ ಜಿಲ್ಲೆಯಲ್ಲಿ ದ್ವಿಚಕ್ರ ವಾಹನದಿಂದ ಬಿದ್ದು ಸತ್ತವರಲ್ಲಿ ಓಡಿಸುತ್ತಿದ್ದವರು ಎಷ್ಟು, ಹಿಂದೆ ಕೂತವರು ಎಷ್ಟು? ಹೆಲ್ಮೆಟ್ಟು ಇದ್ದವರಲ್ಲಿ ಬೆಲ್ಟು ಹಾಕಿದ್ದವರು ಎಷ್ಟು? ಹಾಕಿದ ಕೇಸುಗಳಲ್ಲಿ ಹಿಂದಿನ ಸೀಟಿನದು, ಮಕ್ಕಳದು ಎಷ್ಟು? 198ಎ ಅಡಿ ಹಾಕಿದ ಕೇಸು ಎಷ್ಟು? ಈ ನಾಲ್ಕು ಸಾಲು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿ ಕಚೇರಿಯ ನೋಟಿಸ್ ಬೋರ್ಡಿಗೆ ಬಿದ್ದರೆ ಸಾಕು. ಯಾವ ತಿರುವಿನಲ್ಲಿ ಹಂಪು ಒಡೆಯಬೇಕು, ಯಾವ ರಸ್ತೆಯಲ್ಲಿ ಪೊಲೀಸಿನವರನ್ನು ನಿಲ್ಲಿಸಬೇಕು ಅಂತ ಆ ಬೋರ್ಡೇ ಹೇಳುತ್ತದೆ.

ಕೇಳಿದರೆ ಕೊಡುತ್ತಾರೋ ಇಲ್ಲವೋ ಅಂತ ಕಾಯುತ್ತ ಕೂರಲಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಕೇಳಬಹುದು, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದದೊಳಗೆ. ಹಾಗಾಗಿ ಎರಡು ಅರ್ಜಿ ಹಾಕಿದ್ದೇನೆ, ಒಂದು ಹೆಲ್ಮೆಟ್ಟಿನದು, ಒಂದು ಹಂಪಿನದು. ಇಪ್ಪತ್ತು ರೂಪಾಯಿ ಖರ್ಚು. ಉತ್ತರ ಬಂದ ದಿನ ಇದೇ ಪುಟದಲ್ಲಿ ಅಚ್ಚಾಗುತ್ತದೆ. ಬಾರದಿದ್ದರೆ ಬರಲಿಲ್ಲ ಅಂತಲೂ ಅಚ್ಚಾಗುತ್ತದೆ.

ಗೀರು ಬೀಳದ ಆ ಹೆಲ್ಮೆಟ್ಟು ಇನ್ನೂ ಅಕ್ಕನ ಮನೆಯ ನಡುಮನೆಯಲ್ಲಿ ಮೊಳೆಗೆ ನೇತಾಡುತ್ತಿದೆ. ಭಾವ ಬಿಸಾಕಲು ಹೊರಟಿದ್ದರು, ನಾನೇ ಬೇಡ ಅಂದೆ. ಮೊನ್ನೆ ಅಕ್ಕ ಅದನ್ನು ತೋರಿಸಿ ‘ಇದು ಯಾರದೋ?’ ಅಂತ ಕೇಳಿದಳು.

ಏನು ಉತ್ತರ ಹೇಳಲಿ? ಸಂಬಂಧಪಟ್ಟವರು ಯಾರಾದರೂ ಹೇಳುವರೇ?